ಸ್ತನದ ಗಂಟು: ಮುಚ್ಚಿಡುವ ಕಾಯಿಲೆಯಲ್ಲ

ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೂ ಅನೇಕ ಹೆಂಗಸರು ವೈದ್ಯರ ಬಳಿ ಬರಲು ತಿಂಗಳುಗಟ್ಟಲೆ ತಡಮಾಡುತ್ತಾರೆ. ಇದಕ್ಕೆ ನಾಚಿಕೆ ಒಂದು ಕಾರಣ. ಮಕ್ಕಳ ಪರೀಕ್ಷೆ ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂಬುದು ಇನ್ನೊಂದು. ಆದರೆ ನಿಜವಾದ ಕಾರಣ ಅವರು ಕೊನೆಗೂ ಬಾಯಿಬಿಟ್ಟು ಕೇಳುವ ಮೊದಲ ಪ್ರಶ್ನೆಯಲ್ಲೇ ಇರುತ್ತದೆ: "ಡಾಕ್ಟ್ರೇ, ಎದೆ ತೆಗೆದುಬಿಡ್ತಾರಾ?" ಈ ಭಯದಿಂದ ಕಾದು ಕುಳಿತವರಿಗೇ ಕೊನೆಗೆ ಇಡೀ ಸ್ತನ ತೆಗೆಸಿಕೊಳ್ಳುವ ಪ್ರಸಂಗ ಹೆಚ್ಚಾಗಿ ಬರುವುದು ವಿಷಾದದ ಸಂಗತಿ.

ನಾನು ಶಸ್ತ್ರಚಿಕಿತ್ಸಕನಲ್ಲ, ಸಾಮಾನ್ಯ ವೈದ್ಯ. ಆದರೆ ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಕಳಿಸುವುದೂ, ಆಮೇಲೆ ಊರಿಗೆ ಮರಳಿದಾಗ ನೋಡಿಕೊಳ್ಳುವುದೂ ನಮ್ಮಂಥ ವೈದ್ಯರ ಪಾಲಿಗೇ ಬರುತ್ತದೆ. ಸ್ತನದ ಆರೋಗ್ಯವನ್ನು ಈ ವಾರ ಪ್ಲಾಸ್ಟಿಕ್ ಸರ್ಜನ್‌ರ ದೃಷ್ಟಿಯಿಂದಲೂ ನೋಡೋಣ. 'ಪ್ಲಾಸ್ಟಿಕ್' ಎಂದರೆ ಇಲ್ಲಿ ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಆಕಾರ ಕೊಡುವುದು ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಕಳೆದುಹೋದ ಅಂಗಕ್ಕೆ ಮತ್ತೆ ಆಕಾರ ಕೊಡುವುದು ಈ ಶಾಸ್ತ್ರದ ಮೂಲ ಕೆಲಸ. ಸೌಂದರ್ಯದ ಮಾತು ಆಮೇಲಿನದು.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ

ಭಾರತದ ಹೆಂಗಸರಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದು. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು ಕಂಡುಬಂದರೆಂದೂ, ಸುಮಾರು 98 ಸಾವಿರ ಮಂದಿ ಈ ರೋಗದಿಂದ ತೀರಿಕೊಂಡರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು.

ಹಾಗೆಂದು ಕೈಗೆ ಸಿಕ್ಕಿದ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಬಹುಪಾಲು ಗಂಟುಗಳು ನಿರಪಾಯಕಾರಿ. ಹರೆಯದ ಹುಡುಗಿಯರಲ್ಲಿ ಮುಟ್ಟಿದರೆ ಜಾರುವ, ರಬ್ಬರಿನಂಥ ಗಂಟು ಸಾಮಾನ್ಯ. ಇದನ್ನು ಫೈಬ್ರೋಅಡಿನೋಮ ಎನ್ನುತ್ತೇವೆ. ಹಾಲೂಡಿಸುವ ತಾಯಂದಿರಲ್ಲಿ ಹಾಲು ಕಟ್ಟಿ ಗಂಟಾಗಬಹುದು, ಕೀವೂ ತುಂಬಬಹುದು. ಮುಟ್ಟಿನ ಮೊದಲು ಎರಡೂ ಸ್ತನಗಳು ಬಿಗಿದು ನೋಯುವುದು ಹಾರ್ಮೋನುಗಳ ಏರಿಳಿತದಿಂದ.

ಇಲ್ಲೊಂದು ತಪ್ಪು ತಿಳಿವಳಿಕೆಯಿದೆ. ನೋವಿದ್ದರೆ ಹೆದರಿ ಓಡಿಬರುವವರು, ನೋವಿಲ್ಲದ ಗಂಟನ್ನು 'ಏನೂ ತೊಂದರೆ ಕೊಡುತ್ತಿಲ್ಲ' ಎಂದು ಬಿಟ್ಟುಬಿಡುತ್ತಾರೆ. ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂಬುದೇ ಅದನ್ನು ತೋರಿಸಲು ಸಾಕಷ್ಟು ಕಾರಣ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

* ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸದಾಗಿ ಕಾಣಿಸಿಕೊಂಡ ಗಂಟು
* ಚರ್ಮ ಒಳಕ್ಕೆ ಸೆಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತೆ ಕಾಣುವುದು
* ನೆಟ್ಟಗಿದ್ದ ಮೊಲೆತೊಟ್ಟು ಹೊಸದಾಗಿ ಒಳಕ್ಕೆ ಹೋಗುವುದು
* ತೊಟ್ಟಿನಿಂದ ರಕ್ತ ಅಥವಾ ರಕ್ತಮಿಶ್ರಿತ ನೀರು ಬರುವುದು
* ತೊಟ್ಟಿನ ಸುತ್ತ ಮುಲಾಮಿಗೆ ಬಗ್ಗದ ಹುಣ್ಣು

ಮುಟ್ಟು ನಿಂತ ಕೆಲವು ದಿನಗಳ ನಂತರ ಸ್ತನ ಮೃದುವಾಗಿರುತ್ತದೆ. ಸ್ನಾನದ ವೇಳೆ ಬೆರಳುಗಳ ಒಳಭಾಗದಿಂದ ಮುಟ್ಟಿ ನೋಡಿಕೊಂಡರೆ ನಿಮ್ಮ ಸ್ತನದ ಸಹಜ ಸ್ಥಿತಿ ನಿಮಗೇ ಪರಿಚಯವಾಗುತ್ತದೆ. ಆಗ ಬದಲಾವಣೆ ಬೇಗ ತಿಳಿಯುತ್ತದೆ. ಆದರೆ ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದನ್ನು ಆರಂಭಿಸಿದರು. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಪರೀಕ್ಷೆಗೆ ಒಳಗಾದವರಲ್ಲಿ ರೋಗ ಮೊದಲ ಹಂತಗಳಲ್ಲೇ ಪತ್ತೆಯಾಯಿತು. 50 ದಾಟಿದವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಯಿತು. ದುಬಾರಿ ಯಂತ್ರವಿಲ್ಲದೆ, ಪಳಗಿದ ಕೈಯಿಂದ ಆದ ಕೆಲಸವಿದು. 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಸೂಜಿ ಪರೀಕ್ಷೆಗೆ ಹೆದರಬೇಡಿ

ಗಂಟಿದ್ದರೆ ಮೂರು ಪರೀಕ್ಷೆಗಳು ಬೇಕು: ವೈದ್ಯರು ಮುಟ್ಟಿ ನೋಡುವುದು, ಮ್ಯಾಮೋಗ್ರಫಿ ಅಥವಾ ಅಲ್ಟ್ರಾಸೌಂಡ್ ಚಿತ್ರ, ಅಗತ್ಯವಿದ್ದರೆ ಸೂಜಿಯಿಂದ ಚೂರು ತೆಗೆದು ಮಾಡುವ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು, ಬಯಾಪ್ಸಿ ಮಾಡಿಸದೆ ಅವಸರದಲ್ಲಿ ಎಲ್ಲಾದರೂ ಗಂಟನ್ನು ಕೊಯ್ಯಿಸಿಬಿಡುವುದು. ಆಮೇಲೆ ಅದು ಕ್ಯಾನ್ಸರ್ ಎಂದು ತಿಳಿದರೆ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ ಎಂದು ಹೇಳುವುದು ಕಷ್ಟ. ಮೊದಲ ಗಾಯ ಎಲ್ಲಿ ಬಿತ್ತು ಎಂಬುದರ ಮೇಲೆ ಮುಂದಿನ ಶಸ್ತ್ರಚಿಕಿತ್ಸೆಯೂ ಸ್ತನದ ಆಕಾರವೂ ನಿಂತಿರುತ್ತವೆ.

ಸ್ತನ ತೆಗೆಯಲೇಬೇಕೇ?

ಒಂದು ಕಾಲದಲ್ಲಿ ಸ್ತನ, ಕೆಳಗಿನ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವುದೇ ಪದ್ಧತಿಯಾಗಿತ್ತು. ಈಗ ಹಾಗಿಲ್ಲ. ಗಂಟು ಚಿಕ್ಕದಿದ್ದಾಗ ಅದನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ವಿಕಿರಣ ಚಿಕಿತ್ಸೆ ಕೊಟ್ಟು ಸ್ತನ ಉಳಿಸಬಹುದು. ಹೀಗೆ ಮಾಡಿದವರೂ ಪೂರ್ತಿ ಸ್ತನ ತೆಗೆಸಿದವರೂ ಸಮಾನವಾಗಿ ಬದುಕಿದ್ದನ್ನು ಅಮೆರಿಕ ಮತ್ತು ಇಟಲಿಯ ಎರಡು ಅಧ್ಯಯನಗಳು 20 ವರ್ಷ ಕಾದು ನೋಡಿ 2002ರಲ್ಲಿ ತೋರಿಸಿಕೊಟ್ಟವು. ಕೆಲವರಲ್ಲಿ ಮೊದಲು ಕೀಮೊಥೆರಪಿ ಕೊಟ್ಟು, ದೊಡ್ಡ ಗಂಟನ್ನು ಕುಗ್ಗಿಸಿ ಸ್ತನ ಉಳಿಸುವುದೂ ಉಂಟು. ಬೇಗ ಬಂದಷ್ಟೂ ಉಳಿಯುವ ಭಾಗ ಹೆಚ್ಚು.

ಮರುರಚನೆ ಹೇಗೆ?

ಪೂರ್ತಿ ತೆಗೆಯಬೇಕಾಗಿ ಬಂದರೂ ಅಲ್ಲಿಗೆ ದಾರಿ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಸರ್ಜನ್ ಎರಡು ಬಗೆಯಲ್ಲಿ ಹೊಸ ಸ್ತನ ರೂಪಿಸುತ್ತಾರೆ. ಒಂದು, ಸಿಲಿಕೋನ್ ಇಂಪ್ಲಾಂಟ್. ಇದನ್ನು ಮೊದಲು ಬಳಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಎರಡು, ರೋಗಿಯದೇ ದೇಹದ ಭಾಗ. ಬೆನ್ನಿನ ಅಗಲವಾದ ಸ್ನಾಯುವನ್ನು ಮುಂದಕ್ಕೆ ತರಬಹುದು. ಇಲ್ಲವೇ ಕಿಬ್ಬೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ತೆಗೆದು, ಅದರ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಎದೆಯ ನಾಳಗಳಿಗೆ ಜೋಡಿಸಬಹುದು.

ಎರಡರಲ್ಲೂ ಒಳಿತು ಕೆಡುಕುಗಳಿವೆ. ಇಂಪ್ಲಾಂಟ್‌ನ ಶಸ್ತ್ರಚಿಕಿತ್ಸೆ ಚಿಕ್ಕದು. ಆದರೆ ಅದು ಜೀವಮಾನವಿಡೀ ಬಾಳುವ ಖಾತರಿಯಿಲ್ಲ, ವಿಕಿರಣ ಚಿಕಿತ್ಸೆಯಾದ ಎದೆಯಲ್ಲಿ ಬಿಗಿದು ಗಟ್ಟಿಯಾಗಬಹುದು. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಬಲು ಅಪರೂಪವಾಗಿ ಒಂದು ಬಗೆಯ ಲಿಂಫೋಮ ಕಾಣಿಸಿದ್ದರಿಂದ 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಸ್ವಂತ ದೇಹದ ಭಾಗ ಹೆಚ್ಚು ಸಹಜ. ಆದರೆ ಶಸ್ತ್ರಚಿಕಿತ್ಸೆ ದೀರ್ಘ, ಎರಡು ಕಡೆ ಗಾಯ. ಹೊಸ ಸ್ತನಕ್ಕೆ ಮೊದಲಿನ ಸ್ಪರ್ಶಜ್ಞಾನ ಪೂರ್ತಿ ಬರುವುದಿಲ್ಲ, ಅದರಿಂದ ಹಾಲೂಡಿಸಲೂ ಆಗದು. ಇವನ್ನೆಲ್ಲ ಮೊದಲೇ ತಿಳಿದಿರಬೇಕು.

ಮರುರಚನೆಯಿಂದ ಕ್ಯಾನ್ಸರ್ ಮರಳಿ ಬರುವ ಸಂಭವ ಹೆಚ್ಚುವುದಿಲ್ಲ. ಅದನ್ನು ಅದೇ ದಿನವೋ, ಚಿಕಿತ್ಸೆಯೆಲ್ಲ ಮುಗಿದು ವರ್ಷಗಳಾದ ಮೇಲೋ ಮಾಡಬಹುದು. ಆದರೆ ಪ್ಲಾಸ್ಟಿಕ್ ಸರ್ಜನ್‌ರನ್ನು ಕಾಣಬೇಕಾದದ್ದು ಸ್ತನ ತೆಗೆಯುವ ಮೊದಲು. ಚರ್ಮ ಎಷ್ಟು ಉಳಿಸಬೇಕು ಎಂಬುದು ಆಗಲೇ ತೀರ್ಮಾನವಾಗಬೇಕು. "ನನಗೆ ಮರುರಚನೆ ಸಾಧ್ಯವೇ?" ಎಂದು ನೀವಾಗಿಯೇ ಕೇಳಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ತಂಬಾಕು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಎಲೆ-ಅಡಿಕೆಯ ಜೊತೆಗಿನ ಹೊಗೆಸೊಪ್ಪೂ ಅಷ್ಟೇ.

ಮರುರಚನೆ ಬೇಡವೆನ್ನುವವರಿಗೆ ಒಳಉಡುಪಿನೊಳಗೆ ಇಟ್ಟುಕೊಳ್ಳುವ ಹಗುರ ಬಟ್ಟೆಯ ಅಥವಾ ಸಿಲಿಕೋನಿನ ಕೃತಕ ಸ್ತನಗಳಿವೆ. ಏನೂ ಬೇಡವೆನ್ನುವುದೂ ಸರಿಯಾದ ಆಯ್ಕೆಯೇ. ನಿರ್ಧಾರ ಆಕೆಯದು.

ಶಸ್ತ್ರಚಿಕಿತ್ಸೆಯ ನಂತರ

ಕಂಕುಳಿನ ಗ್ರಂಥಿ ತೆಗೆದ ಕಡೆಯ ತೋಳು ಊದಿಕೊಳ್ಳಬಹುದು. ವೈದ್ಯರು ಹೇಳಿಕೊಟ್ಟ ತೋಳಿನ ವ್ಯಾಯಾಮವನ್ನು ಬಿಡದೆ ಮಾಡಿ. ಆ ಕೈಗೆ ಬಿಗಿಯಾದ ಬಳೆ ಬೇಡ. ಒಲೆಯ ಮುಂದೆ ಸುಡದಂತೆ, ಈಳಿಗೆಮಣೆಯಲ್ಲಿ ಕುಯ್ದುಕೊಳ್ಳದಂತೆ ಎಚ್ಚರ ವಹಿಸಿ. ಕೈ ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿ.

ಮನೆಯವರಿಗೆ ಒಂದು ಮಾತು

ಈ ರೋಗ ಅಂಟುಜಾಡ್ಯವಲ್ಲ. ಯಾರ ಪಾಪದ ಫಲವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ತಾಯಿ ಅಥವಾ ಅಕ್ಕತಂಗಿಯರಿಗೆ ಬಂದಿದ್ದರೆ ಉಳಿದ ಹೆಣ್ಣುಮಕ್ಕಳು ವೈದ್ಯರಿಗೆ ಅದನ್ನು ತಿಳಿಸಬೇಕು. ಗಂಡಸರಲ್ಲೂ ಸ್ತನ ಕ್ಯಾನ್ಸರ್ ಕಾಣುತ್ತದೆ; ಈ ರೋಗ ಬಂದ ನೂರು ಮಂದಿಯಲ್ಲಿ ಸುಮಾರು ಒಬ್ಬರು ಗಂಡಸರು.

ಹೆಂಡತಿಯೋ ಅತ್ತೆಯೋ ಗಂಟಿನ ಮಾತೆತ್ತಿದರೆ 'ನೋಡೋಣ' ಎಂದು ಮುಂದೂಡಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಹೊರಗೆ ಕಾಯಿರಿ, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಿ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ. ಮರುರಚನೆಯ ಖರ್ಚಿನ ಬಗ್ಗೆ ಆಸ್ಪತ್ರೆಯಲ್ಲಿ ಬಿಡಿಸಿ ಕೇಳಿ. ಗಂಟು ಕಂಡ ವಾರದಲ್ಲೇ ಪರೀಕ್ಷೆಯಾದರೆ ಹೆಚ್ಚಿನವರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಉಳಿದವರಿಗೆ ಜೀವವನ್ನೂ ಸ್ತನವನ್ನೂ ಉಳಿಸಿಕೊಳ್ಳುವ ಅವಕಾಶ ಆಗಲೇ ಹೆಚ್ಚು.