ಮದುವೆಯ ಚಪ್ಪರ ಹಿಗ್ಗಿದ ಬಗೆ

ವೈಶಾಖ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟೆಗಳ ಕೇರಿ ಕೇರಿಗಳಲ್ಲಿ ಮದುವೆಯ ಚಪ್ಪರಗಳೇಳುತ್ತವೆ. ಯಾರು ಯಾರನ್ನು ಮದುವೆಯಾಗಬಹುದೆಂಬುದು ಅನಾದಿಯಿಂದ ನಿಶ್ಚಿತವಾದುದೆಂದೇ ಆ ಸಂಭ್ರಮದಲ್ಲಿ ನಮಗೆ ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಚಪ್ಪರದೊಳಗೆ ಯಾರಿಗೆ ಎಡೆಯುಂಟೆಂಬುದನ್ನು ತಲೆಮಾರು ತಲೆಮಾರುಗಳು ಹೊಸದಾಗಿ ವಿಚಾರಿಸುತ್ತ ಬಂದಿವೆ. ಇಂದು ಅದೇ ಪ್ರಶ್ನೆ ಸಲಿಂಗ ವಿವಾಹದ ರೂಪದಲ್ಲಿ ನಮ್ಮ ಮುಂದಿದೆ. ಇಬ್ಬರು ಗಂಡಸರು, ಇಲ್ಲವೆ ಇಬ್ಬರು ಹೆಂಗಸರು, ಮದುವೆಯಾಗಬಹುದೆ?

ಹೊನ್ನಾವರಕ್ಕೆ ಸಮೀಪದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಹೊರತಂದರು. ಹಣ ತೆಗೆದುಕೊಂಡು ಹೆಣ್ಣು ಕೊಡುವ ಕನ್ಯಾವಿಕ್ರಯವೇ ಅದರ ವಸ್ತು. ತಮ್ಮವರ ನಡುವೆಯೇ ಬೇರೂರಿದ್ದ ರೂಢಿಯನ್ನು ನಗೆಗೀಡುಮಾಡಲು ಎದೆಗಾರಿಕೆ ಬೇಕಿತ್ತು. ವಿಧವೆಯ ಮರುಮದುವೆಗೆ ಕಾನೂನಿನ ಮನ್ನಣೆ ದೊರೆತದ್ದು 1856ರಲ್ಲಿ. ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆ ಸಿಂಧುವೆಂದು ಕಾಯಿದೆಯಾದದ್ದು 1949ರಲ್ಲಿ. ಆಗಲೂ ಧರ್ಮ ಕೆಟ್ಟಿತೆಂದು ಕೂಗಿದವರಿದ್ದರು. ಸಂಸಾರಗಳೇನೋ ಉಳಿದವು, ಚಪ್ಪರ ಮಾತ್ರ ತುಸು ಹಿಗ್ಗಿತು.

ನಮ್ಮಲ್ಲಿ ಜಾತಿಯಂತೆ ಅಮೆರಿಕದಲ್ಲಿ ಮೈಬಣ್ಣ ಮದುವೆಗೆ ಅಡ್ಡಬಂದಿತ್ತು. ಬಿಳಿಯ ರಿಚರ್ಡ್ ಲವಿಂಗ್ ಮತ್ತು ಕರಿಯ ಕುಲದ ಮಿಲ್ಡ್ರೆಡ್ 1958ರಲ್ಲಿ ಮದುವೆಯಾದ ತಪ್ಪಿಗೆ ವರ್ಜೀನಿಯ ರಾಜ್ಯವನ್ನೇ ತೊರೆಯಬೇಕಾಯಿತು. 1967ರ ಜೂನ್ 12ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂಥ ನಿಷೇಧಗಳನ್ನು ತೊಡೆದುಹಾಕಿತು. ಆಗ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. ಅದೇ ತೀರ್ಪನ್ನು ಆಧಾರಗಳಲ್ಲೊಂದಾಗಿ ಎತ್ತಿಹೇಳಿ, 2015ರಲ್ಲಿ ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೂ ಬಾಗಿಲು ತೆರೆಯಿತು.

ಈ ಎರಡು ಹೋರಾಟಗಳನ್ನು ಒಂದೇ ಬಾಳಿನಲ್ಲಿ ಕಂಡವರೊಬ್ಬರುಂಟು. ಕುಮಟೆಯ ಆಚೆಗಿನ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದುದು ನಮಗೆ ಗೊತ್ತು. ಆ ಗಾಂಧೀಮಾರ್ಗಕ್ಕೆ ಮನಸೋತ ಅಮೆರಿಕದ ಕರಿಯ ಮುಖಂಡ ಬೇಯಾರ್ಡ್ ರಸ್ಟಿನ್ 1948ರಲ್ಲಿ ಭಾರತಕ್ಕೆ ಬಂದಿದ್ದರು. ಮುಂದೆ ಮಾರ್ಟಿನ್ ಲೂಥರ್ ಕಿಂಗರಿಗೆ ಅಹಿಂಸೆಯ ಸಲಹೆಗಾರರಾದರು. 1963ರ ವಾಷಿಂಗ್ಟನ್ ಮಹಾಯಾತ್ರೆಯನ್ನು ಏರ್ಪಡಿಸಿದವರೂ ಅವರೇ. ಅವರು ಸಲಿಂಗಪ್ರೇಮಿ. ಲಕ್ಷಾಂತರ ಜನರ ಹಕ್ಕಿಗಾಗಿ ದುಡಿದ ಈ ಮನುಷ್ಯನಿಗೆ ತನ್ನ ಸಂಗಾತಿಯನ್ನು ಮದುವೆಯಾಗುವ ಹಕ್ಕಿರಲಿಲ್ಲ. ಕಾನೂನಿನ ಕಣ್ಣಿಗೆ ಸಂಬಂಧಿಕರೆನಿಸಿಕೊಳ್ಳಲು, 1982ರಲ್ಲಿ, ಸಂಗಾತಿಯನ್ನೇ ದತ್ತುಮಗನನ್ನಾಗಿ ಸ್ವೀಕರಿಸಬೇಕಾಯಿತು! 1987ರಲ್ಲಿ ಅವರು ತೀರಿಕೊಂಡರು. 2013ರಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ಅವರಿಗೆ ಸಂದಾಗ, ಅದನ್ನು ಕೈಯೊಡ್ಡಿ ಪಡೆದವರು ಆ ಸಂಗಾತಿಯೇ.

ನೆದರ್ಲೆಂಡ್ಸ್ 2001ರಲ್ಲಿ ಸಲಿಂಗ ವಿವಾಹವನ್ನು ಮೊದಲು ಒಪ್ಪಿತು. ಏಷ್ಯದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಒಪ್ಪಿದವು. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆಂದ 1860ರ ದಂಡಸಂಹಿತೆಯ 377ನೆಯ ಕಲಮು, ವಯಸ್ಕರು ಮನವೊಪ್ಪಿ ಕೂಡಿರುವಲ್ಲಿ ಅನ್ವಯಿಸದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸಾರಿತು. ಆದರೆ ಮದುವೆಯ ಮನ್ನಣೆ ಶಾಸನಸಭೆಗೆ ಸೇರಿದ ವಿಷಯವೆಂದು 2023ರ ಅಕ್ಟೋಬರ್ 17ರಂದು ತೀರ್ಪಿತ್ತಿತು. ಇಂಥ ಜೋಡಿಗಳು ಒಂದೇ ಪಡಿತರ ಚೀಟಿ ಪಡೆಯಲು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ 2024ರಲ್ಲಿ ತಿಳಿಸಿತು. ಆದರೂ ಉಯಿಲಿಲ್ಲದೆ ಒಬ್ಬರು ತೀರಿಕೊಂಡರೆ, ಬಾಳೆಲ್ಲ ಜೊತೆಗಿದ್ದವರು ವಾರಸುದಾರರಲ್ಲ.

ಜಾತಿ, ಬಣ್ಣ, ಲಿಂಗ ಇವು ಮೂರೂ ಒಂದೇ ಅಲ್ಲ. ಒಂದೊಂದರ ನೋವಿನ ಚರಿತ್ರೆ ಬೇರೆ. ಆದರೆ ಪ್ರಾಯಕ್ಕೆ ಬಂದ ಇಬ್ಬರು ಮನವೊಪ್ಪಿ ಕೈಹಿಡಿದಾಗ ಮೂರನೆಯವರು ತಡೆಯಬಹುದೆ ಎಂಬ ಪ್ರಶ್ನೆ ಮಾತ್ರ ಒಂದೇ. ಮದುವೆ ಬೇಡವೆಂದು ಈ ಜನ ಹೇಳುತ್ತಿಲ್ಲ, ನಮಗೂ ಬೇಕೆನ್ನುತ್ತಿದ್ದಾರೆ. ಸಂಸಾರಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾವುದು? ಅಂಥ ಮದುವೆಯ ಓಲೆಯೊಂದು ನಾಳೆ ನಮ್ಮ ಮನೆಗೂ ಬಂದೀತು. ಬಂದರೆ, ಹೋಗಿ ಅಕ್ಷತೆ ಹಾಕಿ ಬರೋಣ.