ಕಪ್ಪು ಬಿಯರಿನ ಕಹಿಯೂ ನಮ್ಮ ಕಾಫಿಯ ರುಚಿಯೂ

ಬೆಂಗಳೂರಿನ ಸಣ್ಣ ಬ್ರೂವರಿಗಳು ಸ್ಟೌಟ್ ಎಂಬ ಕಪ್ಪು ಬಿಯರಿಗೆ ಕಾಫಿ ಬೀಜ ಸೇರಿಸುತ್ತವಂತೆ, ಅವರಿಗೆ ಎಂತಹ ಕಾಫಿ ಬೇಕು, ನಾವು ಕೊಡಬಹುದೇ ಎಂದು ಸದಸ್ಯರಲ್ಲಿ ಹಲವರು ಸಂಘದ ಕಚೇರಿಗೆ ಬಂದು ಕೇಳುತ್ತಿದ್ದಾರೆ. 2010ರ ನಂತರ ಟಾಯ್ಟ್, ಆರ್ಬರ್ ಮುಂತಾದ, ಸ್ಥಳದಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಅಂಗಡಿಗಳು ಆ ನಗರದಲ್ಲಿ ಹೆಚ್ಚಿದ ಮೇಲೆ ಈ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಹೇಳಬೇಕಾದರೆ, ಸ್ಟೌಟಿನ ರುಚಿಯನ್ನು ಅಳೆಯುವವರು ಹೇಗೆ ಅಳೆಯುತ್ತಾರೆಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಕುಡಿಯಿರೆಂದು ಯಾರಿಗೂ ನಾವು ಶಿಫಾರಸು ಮಾಡುತ್ತಿಲ್ಲ. ರುಚಿ ನೋಡುವವನಿಗೆ ಬೇಕಾಗುವುದು ನಾಲ್ಕಾರು ಗುಟುಕು. ಲೋಟಗಟ್ಟಲೆ ಕುಡಿದವನ ನಾಲಿಗೆಯನ್ನು ಯಾವ ತೀರ್ಪುಗಾರನೂ ನಂಬುವುದಿಲ್ಲ.

ಬಿಯರಿನ ಮೂಲ ಮಾಲ್ಟ್. ನಮ್ಮ ಮನೆಗಳಲ್ಲಿ ಮಕ್ಕಳಿಗೆಂದು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುತ್ತೇವಲ್ಲ, ಅದೇ ಕೆಲಸವನ್ನು ಬಾರ್ಲಿಗೆ ಮಾಡಿದರೆ ಬಿಯರಿನ ಮಾಲ್ಟ್ ಆಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಕಾಳಿನ ಹಿಟ್ಟನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಿಸುತ್ತಾರೆ. ಸ್ಟೌಟಿಗೆ ಕಪ್ಪು ಬಣ್ಣ ಬರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ ಅಥವಾ ಹುರಿದ ಮಾಲ್ಟಿನಿಂದ. ಇಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. ಹಿಂದೆ ಮಾಲ್ಟನ್ನು ಸೌದೆಯ ಬೆಂಕಿಯ ಮೇಲೆ ಕಂದಾಗಿಸುತ್ತಿದ್ದರು. ಹೊಗೆಯ ವಾಸನೆ ತಪ್ಪುತ್ತಿರಲಿಲ್ಲ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವ್ಹೀಲರ್ ಎಂಬಾತ, ತಿರುಗುವ ಕಬ್ಬಿಣದ ಉರುಳೆಯಲ್ಲಿ ಮಾಲ್ಟನ್ನು ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಉರುಳೆ ಕಾಫಿ ಹುರಿಯುವ ಉರುಳೆಯ ಜಾತಿಯದೇ. ಸ್ಟೌಟಿನಲ್ಲಿ ಕಾಫಿಯ ವಾಸನೆ ಬರುತ್ತದೆಂದು ಜನ ಹೇಳುವುದು ಅದಕ್ಕೆ ಕಾಫಿ ಹಾಕಿರುವುದರಿಂದಲೇ ಎಂದು ತಿಳಿಯಬೇಕಾಗಿಲ್ಲ. ಧಾನ್ಯವಾಗಲಿ ಬೀಜವಾಗಲಿ, ಆ ಮಟ್ಟಕ್ಕೆ ಹುರಿದಾಗ ಹುಟ್ಟುವ ಪರಿಮಳ ಬಹುಪಾಲು ಒಂದೇ ವಂಶದ್ದು.

ಹಾಪ್ಸ್ ತಂಪು ಸೀಮೆಯ ಬಳ್ಳಿ. ನಮ್ಮ ದೇಶದಲ್ಲಿ ಅದನ್ನು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಮೆಣಸಿನ ಬಳ್ಳಿಯಂತೆ ಆಸರೆ ಹಿಡಿದು ಏರುತ್ತದೆ. ಬಳಕೆಗೆ ಬರುವುದು ಹೆಣ್ಣು ಬಳ್ಳಿಯ ಹೂಗೊಂಚಲು. ಮೊದಲೇ ಹಾಕಿ ಬಹಳ ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ಕೊನೆಯಲ್ಲಿ ಅಥವಾ ತಣಿದ ಮೇಲೆ ಹಾಕಿದರೆ ಕಿತ್ತಳೆ ಸಿಪ್ಪೆ, ದೇವದಾರುಗಳನ್ನು ನೆನಪಿಸುವ ಪರಿಮಳ ಉಳಿಯುತ್ತದೆ. ಐರ್ಲೆಂಡಿನ ಹಳೆಯ ಮಾದರಿಯ ಸ್ಟೌಟಿನಲ್ಲಿ ಕಹಿ 25ರಿಂದ 45 ಮಾನ. ಹಾಪ್ಸ್ ಹೆಚ್ಚಾಗಿ ಸುರಿಯುವ ಅಮೆರಿಕದ ಮಾದರಿಯಲ್ಲಿ 35ರಿಂದ 75ರವರೆಗೆ. ಒಂದು ಮಾನವೆಂದರೆ ಸ್ಥೂಲವಾಗಿ ಲೀಟರಿಗೆ ಒಂದು ಮಿಲಿಗ್ರಾಂ ಹಾಪ್ಸ್ ಕಹಿ.

ಇನ್ನು ಅಳೆಯುವ ಕ್ರಮ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆಯ ಅಂಕಪಟ್ಟಿ ಹೆಚ್ಚು ಪ್ರಚಾರದಲ್ಲಿದೆ. ಒಟ್ಟು 50 ಅಂಕ. ವಾಸನೆಗೆ 12, ರುಚಿಗೆ 20, ಬಾಯಿಯಲ್ಲಿ ತುಂಬಿಕೊಳ್ಳುವ ಗುಣಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ನೋಟಕ್ಕೆ ಎಷ್ಟು ಗೊತ್ತೆ? ಬರೀ 3! ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಕಣ್ಣಿನಿಂದಲೇ ವಿಂಗಡಿಸುವ, ಕಾಫಿಯನ್ನು ಜರಡಿಯ ಗಾತ್ರದಿಂದಲೇ ತೂಗುವ ನಮಗೆ ಈ ಲೆಕ್ಕ ಸ್ವಲ್ಪ ವಿಚಿತ್ರವೆನ್ನಿಸೀತು. ಕಪ್ಪು ಬಣ್ಣವಿದ್ದ ಮಾತ್ರಕ್ಕೆ ಸ್ಟೌಟ್ ಗಟ್ಟಿಯೂ ಅಲ್ಲ, ಅಮಲು ಹೆಚ್ಚಿನದೂ ಅಲ್ಲ. ಐರಿಷ್ ಸ್ಟೌಟಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 4ರಿಂದ 5 ಮಾತ್ರ.

ಲೋಟಕ್ಕೆ ಸುರಿದ ಕೂಡಲೇ ಮೂಸಬೇಕು, ಏಕೆಂದರೆ ಸೂಕ್ಷ್ಮ ಪರಿಮಳ ಮೊದಲು ಹಾರುತ್ತದೆ. ಅತಿ ತಣ್ಣಗಿದ್ದರೆ ರುಚಿಯೂ ದೋಷವೂ ಎರಡೂ ಅಡಗುತ್ತವೆ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಸರಿ. ಕಾಫಿಯ ರುಚಿ ನೋಡುವವರೂ ಬಟ್ಟಲು ಆರುತ್ತ ಬಂದಂತೆ ಮತ್ತೆ ಮತ್ತೆ ಚಮಚ ಹಾಕುವುದು ಇದೇ ಕಾರಣಕ್ಕೆ. ಕಾಫಿಯವರು ಉಗುಳುತ್ತಾರೆ, ಬಿಯರಿನವರು ನುಂಗುತ್ತಾರೆ. ಕಹಿ ಗಂಟಲಿನ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನುಂಗಿದ ಮೇಲೆಯೇ ಸರಿಯಾಗಿ ತಿಳಿಯುವುದು.

ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಸಾಮಾನ್ಯ ಮನುಷ್ಯ ಸ್ಟೌಟನ್ನು ಬಾಯಿಗಿಟ್ಟು ‘ಕಹಿ’ ಎಂದು ಒಂದೇ ಮಾತು ಹೇಳುತ್ತಾನೆ. ತಿಳಿದವನು ಅದನ್ನು ನಾಲ್ಕಾಗಿ ಬಿಡಿಸುತ್ತಾನೆ. ಹುರಿದ ಕಾಳಿನ ಕಹಿ ಒಂದು. ಅದು ಚಿಕೋರಿ ಹಾಕದ ಗಟ್ಟಿ ಡಿಕಾಕ್ಷನ್ನಿನ ಕಹಿಯಂತೆ, ಸ್ವಲ್ಪ ಒಣ. ಹಾಪ್ಸ್ ಕಹಿ ಇನ್ನೊಂದು. ಅದು ಹಸಿರು ಕಹಿ, ಹಾಗಲಕಾಯಿಯ ಸಂಬಂಧಿ. ಮೂರನೆಯದು ಒಗರು. ಇದನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ, ಅಡಿಕೆ ಬೇಯಿಸಿದ ಹಂಡೆಯ ಚೊಗರನ್ನು ಬೆರಳಲ್ಲಿ ಅದ್ದಿ ನೆಕ್ಕಿದವರೆಲ್ಲರಿಗೂ ಗೊತ್ತು. ನಾಲಿಗೆಯನ್ನೇ ಹಿಡಿದು ಒಣಗಿಸುತ್ತದೆ. ಧಾನ್ಯದ ಸಿಪ್ಪೆಯನ್ನು ಅತಿ ಬಿಸಿನೀರಿನಿಂದ ಅತಿಯಾಗಿ ತೊಳೆದರೆ ಬಿಯರಿನಲ್ಲಿ ಈ ಒಗರು ಬರುತ್ತದೆ. ನಾಲ್ಕನೆಯದು ಹುಳಿ. ಹುರಿದ ಬಾರ್ಲಿಯಿಂದ ಅಲ್ಪ ಹುಳಿ ಬರುವುದು ಸ್ಟೌಟಿನ ಗುಣವೇ. ಆದರೆ ಬೇಡದ ಬ್ಯಾಕ್ಟೀರಿಯಾ ಸೇರಿ ಹುಳಿತರೆ ಅದು ದೋಷ. ಬೆಣ್ಣೆಯ ವಾಸನೆ ಬಂದರೆ ಹುದುಗು ಪೂರ್ಣವಾಗಿಲ್ಲವೆಂದೂ, ನೆನೆದ ರಟ್ಟಿನ ವಾಸನೆ ಬಂದರೆ ದಾಸ್ತಾನಿನಲ್ಲಿ ಗಾಳಿ ತಗುಲಿದೆಯೆಂದೂ ಊಹಿಸುತ್ತಾರೆ.

ಹುಳಿಯ ವಿಚಾರದಲ್ಲಿ ನಮಗಿಂತ ಬಲ್ಲವರು ನಮ್ಮ ತೋಟದಲ್ಲೇ ಇದ್ದಾರೆ. ಕೊಯ್ಲಿಗೆ ಬರುವ ಕುಟುಂಬಗಳಲ್ಲಿ ಕೆಲವು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವು. ಮಸ್ಕಿ ಎಂದರೆ ನಮಗೆ ಅಶೋಕನ ಶಾಸನ, ಲಿಂಗಸುಗೂರು ಎಂದರೆ ಹಟ್ಟಿಯ ಚಿನ್ನ, ಸಿಂಧನೂರು ಎಂದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ. ಆದರೆ ಕಾಲುವೆಯ ನೀರು ಮುಟ್ಟದ ಹೊಲಗಳಲ್ಲಿ ಹಿಂದಿನಿಂದ ಬೆಳೆದುಬಂದದ್ದು ಜೋಳ. ರೊಟ್ಟಿ, ನುಚ್ಚು, ಅಂಬಲಿ ಎಲ್ಲವೂ ಅದರದೇ. ಹಿಂದಿನ ರಾತ್ರಿ ಹುಳಿಗಿಟ್ಟ ಅಂಬಲಿಯ ಗಡಿಗೆಯ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಇದು ಹದವಾಗಿದೆ, ಇದು ಕೆಟ್ಟಿದೆ ಎಂದು ಆ ಹೆಣ್ಣುಮಕ್ಕಳು ಹೇಳುವುದನ್ನು ನಾವು ಕಂಡಿದ್ದೇವೆ. ಅಂಕಪಟ್ಟಿ ಹಿಡಿದ ತೀರ್ಪುಗಾರ ಮಾಡುವುದೂ ಅಷ್ಟೇ.

ಜೋಳದಿಂದ ಸ್ಟೌಟ್ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. 1988ರಲ್ಲಿ ನೈಜೀರಿಯಾ ಬಾರ್ಲಿಯ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬ್ರೂವರಿಗಳು ಜೋಳಕ್ಕೂ ಮೆಕ್ಕೆಜೋಳಕ್ಕೂ ತಿರುಗಿದವು. ಅಲ್ಲಿನ ಗಿನ್ನೆಸ್ ಸ್ಟೌಟಿಗೂ ಜೋಳವೇ ಆಧಾರವಾಯಿತು. ಹುರಿದ ಬಾರ್ಲಿಯ ಗುಣ ಬರಲು ಡಬ್ಲಿನ್ನಿನಿಂದ ಬರುವ ಸಾರವನ್ನು ಬೆರೆಸುತ್ತಾರೆ. ಬಾರ್ಲಿಗಿರುವ ಹೊಟ್ಟು ಜೋಳಕ್ಕಿಲ್ಲದ್ದರಿಂದ ಸೋಸುವುದು ಕಷ್ಟ, ಹಿಟ್ಟು ಕರಗಲು ಹೆಚ್ಚು ಶಾಖ ಬೇಕು.

ಈಗ ಸದಸ್ಯರ ಪ್ರಶ್ನೆಗೆ ಬರೋಣ. ಸ್ಟೌಟಿನಲ್ಲಿ ಹುರಿದ ಕಹಿ ಮೊದಲೇ ಸಾಕಷ್ಟಿರುವುದರಿಂದ ಬ್ರೂವರಿಯವರು ಕಾಫಿಯಿಂದ ಬಯಸುವುದು ಪರಿಮಳವನ್ನು. ಹುದುಗುವಿಕೆ ಮುಗಿದ ಮೇಲೆ ತಣ್ಣೀರಿನಲ್ಲಿ ನೆನೆಸಿದ ಕಾಫಿಯನ್ನೋ ಒಡೆದ ಬೀಜವನ್ನೋ ಸೇರಿಸುತ್ತಾರೆ. ಕಪ್ಪಾಗಿ ಹುರಿದ ಬೀಜ ಬೂದಿಯ ರುಚಿ ಕೊಡುತ್ತದೆ. ಕಾಫಿ ಬೆರೆತ ಬಿಯರಿನಲ್ಲಿ ಕೆಲವೊಮ್ಮೆ ದೊಣ್ಣೆ ಮೆಣಸಿನಕಾಯಿಯ ವಾಸನೆ ಏಳುವುದೂ ಉಂಟು. ತಯಾರಕರಿಗೆ ಅದೊಂದು ತಲೆನೋವು. ಆದ್ದರಿಂದ ಹಣ್ಣನ್ನು ಮಾತ್ರ ಆರಿಸಿ ಕೊಯ್ದು, ಅಂದೇ ಪಲ್ಪ್ ಮಾಡಿ, ಚೆನ್ನಾಗಿ ತೊಳೆದು ಒಣಗಿಸಿದ ಶುದ್ಧ ಅರೇಬಿಕಾ ಇದಕ್ಕೆ ಯೋಗ್ಯ. ಆದರೆ ಸಾವಿರ ಲೀಟರಿಗೆ ಬೇಕಾಗುವುದು ಕೆಲವೇ ಕಿಲೋ. ಇದರಿಂದ ನಮ್ಮ ಫಸಲು ವಿಲೇವಾರಿಯಾದೀತೆಂದು ಯಾರೂ ಲೆಕ್ಕ ಹಾಕಬಾರದು.

ಹಾಗಾದರೆ ಇಷ್ಟು ಬರೆದದ್ದೇಕೆ? 1942ರ ಕಾಫಿ ಕಾಯಿದೆಯ ಪ್ರಕಾರ ನಮ್ಮ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಬೆಳೆಗಾರನಿಗೆ ತನ್ನ ಕಾಫಿಯ ರುಚಿ ಗೊತ್ತಿರಬೇಕಾದ ಅಗತ್ಯವಿರಲಿಲ್ಲ. ಆ ವ್ಯವಸ್ಥೆ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಈಗ ಖರೀದಿದಾರ ಮಾದರಿಯನ್ನು ಕುದಿಸಿ, ‘ಹುಳಿ ಬಂದಿದೆ’ ಎಂದು ಒಂದು ಮಾತು ಹೇಳಿ ಮೂಟೆಗೆ ಇಷ್ಟು ಎಂದು ಇಳಿಸುತ್ತಾನೆ. ಅದು ಅರೇಬಿಕಾದ ಒಳ್ಳೆಯ ಹುಳಿಯೋ, ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟದ್ದರಿಂದ ಬಂದ ಕೊಳೆತ ಹುಳಿಯೋ ಎಂದು ಮರುಪ್ರಶ್ನೆ ಹಾಕಲು ನಮ್ಮಲ್ಲಿ ಮಾತಿಲ್ಲ. ಇಳಿದ ಹಣ ಮಾತ್ರ ನಮ್ಮದು.

ಮನೆಯಲ್ಲಿ ಇದನ್ನು ಕಲಿಯಲು ಬಿಯರ್ ಬೇಡ. ನಾಲ್ಕು ಲೋಟ ಇಡಿ. ಒಂದರಲ್ಲಿ ಸಕ್ಕರೆ, ಹಾಲು, ಚಿಕೋರಿ ಇಲ್ಲದ ಡಿಕಾಕ್ಷನ್. ಒಂದರಲ್ಲಿ ಹಾಗಲಕಾಯಿ ನೆನೆಸಿದ ನೀರು. ಒಂದರಲ್ಲಿ ಬಹಳ ಹೊತ್ತು ಕುದಿಸಿದ ಕರಿ ಚಹಾ. ಇನ್ನೊಂದರಲ್ಲಿ ತಿಳಿಯಾದ ಹುಳಿ ಮಜ್ಜಿಗೆ. ನಡುನಡುವೆ ನೀರು ಮುಕ್ಕಳಿಸಿ ಒಂದೊಂದು ಚಮಚ ರುಚಿ ನೋಡಿ. ಅನಂತರ ನಿಮ್ಮದೇ ಕಾಫಿಯನ್ನು 150 ಮಿಲಿ ಲೀಟರ್ ನೀರಿಗೆ 8 ಗ್ರಾಂ ಪುಡಿಯಂತೆ, ಕುದಿ ಇಳಿದ ನೀರು ಹಾಕಿ ನಾಲ್ಕು ನಿಮಿಷ ಬಿಟ್ಟು, ಮೇಲಿನ ಕೆನೆ ಒಡೆದು ಮೂಸಿ. ಆರಿದ ಮೇಲೆ ರುಚಿ ನೋಡಿ, ನಾಲ್ಕರಲ್ಲಿ ಯಾವುದು ಎಷ್ಟಿದೆ ಎಂದು ಚೀಟಿಯಲ್ಲಿ ಬರೆಯಿರಿ. ಈ ಸಾಲಿನ ಮಾದರಿಯನ್ನು ಸಂಘಕ್ಕೆ ತರುವವರು ಕೊಯ್ದ ದಿನ, ಪಲ್ಪ್ ಮಾಡಿದ ದಿನ, ತೊಟ್ಟಿಯಲ್ಲಿಟ್ಟ ಗಂಟೆಗಳು, ಒಣಗಿಸಿದ ದಿನಗಳು ಇಷ್ಟನ್ನೂ ಆ ಚೀಟಿಯ ಹಿಂಬದಿಯಲ್ಲಿ ಬರೆದು ಚೀಲದೊಳಗೇ ಇಡತಕ್ಕದ್ದು.