ಸಣ್ಣ ವಿಮಾನ, ಹೆಚ್ಚು ಊರು

ಎಮಿರೇಟ್ಸ್‌ನ ಏರ್‌ಬಸ್ ಎ380 ದುಬೈನಿಂದ ಪ್ರಯಾಣಿಕರನ್ನು ಹೊತ್ತು ಮೊದಲ ಸಲ ಬೆಂಗಳೂರಿಗೆ ಬಂದಿಳಿದದ್ದು 2022ರ ಅಕ್ಟೋಬರ್ 14ರಂದು. ಜನ ಮುಗಿಬಿದ್ದು ಫೋಟೊ ತೆಗೆದರು. ಆ ಹೊತ್ತಿಗಾಗಲೇ ಎರಡಂತಸ್ತಿನ ಈ ವಿಮಾನದ ತಯಾರಿಕೆ ನಿಂತುಹೋಗಿತ್ತು. ಕೊನೆಯ ಎ380 ಗ್ರಾಹಕರ ಕೈಸೇರಿದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಎಮಿರೇಟ್ಸ್‌ಗೇ. ಮಾರಾಟವಾದ 251 ವಿಮಾನಗಳಲ್ಲಿ 123 ಆ ಒಂದೇ ಕಂಪನಿಯ ಪಾಲು.

ಎ380ರ ಹಿಂದೆ ಒಂದು ನಂಬಿಕೆ ಇತ್ತು. ಲಂಡನ್, ಸಿಂಗಪುರ, ದುಬೈಗಳಂಥ ನಿಲ್ದಾಣಗಳು ತುಂಬಿ ತುಳುಕುತ್ತವೆ, ಇನ್ನಷ್ಟು ವಿಮಾನ ಇಳಿಸಲು ಜಾಗವಿಲ್ಲ. ಹಾಗಾಗಿ ಜನರನ್ನು ಮೊದಲು ಒಂದು ಮಹಾನಗರದಲ್ಲಿ ಕಲೆಹಾಕಿ, ಐನೂರು ಮಂದಿಯನ್ನು ಒಟ್ಟಿಗೆ ಒಯ್ಯಬೇಕು ಎಂಬುದು ಏರ್‌ಬಸ್‌ನ ಲೆಕ್ಕ. ಬೋಯಿಂಗ್ 787 ಕಟ್ಟಿದ್ದು ಇದಕ್ಕೆ ತದ್ವಿರುದ್ಧವಾದ ನಂಬಿಕೆಯಿಂದ. ಇನ್ನೂರೈವತ್ತರ ಆಸುಪಾಸಿನ ಸೀಟು, ಹಗುರ ಮೈ, ಎರಡೇ ಎಂಜಿನ್. ಪ್ರಯಾಣಿಕ ತನ್ನ ಊರಿನಿಂದಲೇ ನೇರ ಹೊರಡಲಿ. ಗೆದ್ದದ್ದು ಈ ಎರಡನೆಯದು. ಹಬ್ಬದ ಸಾಲಿನಲ್ಲಿ ಐನೂರು ಸೀಟು ತುಂಬಬಹುದು. ಫೆಬ್ರುವರಿಯ ಒಂದು ಮಂಗಳವಾರ ತುಂಬಬೇಕಲ್ಲ? ಅರ್ಧ ಖಾಲಿ ಇದ್ದರೂ ನಾಲ್ಕು ಎಂಜಿನ್‌ಗಳ ಹಸಿವು ಅರ್ಧಕ್ಕಿಳಿಯುವುದಿಲ್ಲ.

ಎರಡು ಎಂಜಿನ್‌ಗೆ ಸಾಗರ ದಾಟುವ ಅಧಿಕಾರ ಸುಲಭವಾಗಿ ಸಿಕ್ಕಿದ್ದಲ್ಲ. ಒಂದು ಎಂಜಿನ್ ಕೈಕೊಟ್ಟರೆ ಉಳಿದೊಂದರ ಬಲದಲ್ಲಿ 60 ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಸಿಗಬೇಕು ಎಂಬುದು ಅಮೆರಿಕದ ಹಳೆಯ ನಿಯಮ. ಹಾಗಾಗಿಯೇ ದೂರದ ಸಾಗರಯಾನ ಬೋಯಿಂಗ್ 747ರಂಥ, ಎರಡಕ್ಕಿಂತ ಹೆಚ್ಚು ಎಂಜಿನ್‌ಗಳ ವಿಮಾನಗಳ ಸೊತ್ತಾಗಿತ್ತು. 1985ರಲ್ಲಿ ಆ ಮಿತಿ 120 ನಿಮಿಷಕ್ಕೆ ಏರಿತು. ಟಿಡಬ್ಲ್ಯುಎ ಕಂಪನಿಯ ಎರಡು ಎಂಜಿನ್‌ನ ಬೋಯಿಂಗ್ 767 ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಹಾರಿತು. ಇಂದು ಏರ್‌ಬಸ್‌ನದೇ ಎರಡು ಎಂಜಿನ್‌ನ ಎ350ಕ್ಕೆ 370 ನಿಮಿಷದವರೆಗೂ ಅನುಮತಿ ಇದೆ. ಎಂಜಿನ್‌ಗಳು ಗಳಿಸಿಕೊಂಡ ಈ ವಿಶ್ವಾಸವೇ 747ರ ಅಂತ್ಯವನ್ನು ಬರೆಯಿತು. 1,574 ವಿಮಾನಗಳ ನಂತರ, 2023ರ ಜನವರಿಯಲ್ಲಿ, ಕೊನೆಯ 747 ಸರಕು ಸಾಗಿಸುವ ಕಂಪನಿಯೊಂದಕ್ಕೆ ಹೋಯಿತು.

ಇದರ ಫಲ ಬೆಂಗಳೂರಿಗೆ ನೇರವಾಗಿ ಸಿಕ್ಕಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ನಿಲ್ಲದೆ ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಸುಮಾರು 14,000 ಕಿಲೊಮೀಟರ್, ಎರಡೇ ಎಂಜಿನ್. ಲುಫ್ತಾನ್ಸಾ ತನ್ನ ಹಳೆಯ ಫ್ರಾಂಕ್‌ಫರ್ಟ್ ಮಾರ್ಗದ ಜೊತೆಗೆ 2023ರಲ್ಲಿ ಮ್ಯೂನಿಕ್–ಬೆಂಗಳೂರು ಮಾರ್ಗ ತೆರೆದದ್ದು ಎ350 ಇಟ್ಟುಕೊಂಡು. ಮ್ಯೂನಿಕ್‌ನಂಥ ಎರಡನೇ ಸಾಲಿನ ನಗರಕ್ಕೂ ಬೆಂಗಳೂರಿಗೂ ನಂಟು ಬೆಳೆಯಲು ಇಂಥ ವಿಮಾನವೇ ಬೇಕಿತ್ತು. ಈಗ ಇನ್ನೂ ಚಿಕ್ಕದು ಬಂದಿದೆ: ನಡುವೆ ಒಂದೇ ಓಡಾಟದ ಸಾಲಿರುವ ಎ321 ಎಕ್ಸ್‌ಎಲ್‌ಆರ್, 2024ರ ನವೆಂಬರ್‌ನಿಂದ ಮ್ಯಾಡ್ರಿಡ್–ಬಾಸ್ಟನ್ ನಡುವೆ ಅಟ್ಲಾಂಟಿಕ್ ದಾಟುತ್ತಿದೆ.

ಕೊರೊನಾ ಕಾಲದಲ್ಲಿ ಮರುಭೂಮಿಗಳಲ್ಲಿ ನಿಂತಿದ್ದ ಎ380ಗಳು ಮತ್ತೆ ಹಾರುತ್ತಿವೆಯಲ್ಲ ಎನ್ನಬಹುದು. ಹೌದು. ಬೋಯಿಂಗ್‌ನ ಹೊಸ ದೊಡ್ಡ ವಿಮಾನ 777ಎಕ್ಸ್ ವರ್ಷಗಟ್ಟಲೆ ತಡವಾಗಿದೆ. ಕಂಪನಿಗಳಿಗೆ ಸೀಟು ಬೇಕು, ಇದ್ದದ್ದನ್ನೇ ತೊಳೆದು ತಂದಿವೆ. ಹೊಸದಾಗಿ ಯಾರೂ ಆರ್ಡರ್ ಕೊಟ್ಟಿಲ್ಲ.

ವಿಮಾನ ಚಿಕ್ಕದಾದಷ್ಟೂ ನಕ್ಷೆಗೆ ಹೊಸ ಊರುಗಳು ಸೇರುತ್ತವೆ ಎಂಬ ಈ ಮಾತು ನಮ್ಮ ರಾಜ್ಯದೊಳಗೆ ಇನ್ನೂ ಹೆಚ್ಚು ನಿಜ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿದ್ದು 48 ಸೀಟಿನ ಎಟಿಆರ್‌ನಿಂದ. ಫ್ಯಾನಿನಂತೆ ತಿರುಗುವ ಪ್ರೊಪೆಲರ್‌ನ ಈ ವಿಮಾನ ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ, ಇಂಧನ ಕಡಿಮೆ ಸಾಕು. ಒಂದೇ ಮಾದರಿ ಇದ್ದರೆ ಪೈಲಟ್, ಬಿಡಿಭಾಗ, ರಿಪೇರಿ ಎಲ್ಲ ಸುಲಭ ಎಂದು ಎ320 ಕುಟುಂಬವೊಂದನ್ನೇ ನೆಚ್ಚಿದ್ದ ಇಂಡಿಗೊ ಕೂಡ 2017ರ ಕೊನೆಗೆ ಆ ವ್ರತ ಮುರಿದು ಎಟಿಆರ್ ತಂದಿತು. ಶಿವಮೊಗ್ಗದಲ್ಲಿ ಏರ್‌ಬಸ್ ಇಳಿಯಬಲ್ಲ 3 ಕಿಲೊಮೀಟರ್‌ಗೂ ಹೆಚ್ಚು ಉದ್ದದ ರನ್‌ವೇ ಕಟ್ಟಿದ್ದೇವೆ. 2023ರ ಆಗಸ್ಟ್ 31ರಂದು ಅಲ್ಲಿ ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ಎಟಿಆರ್.

ನಾವು ರನ್‌ವೇಗೆ ಹಣ ಸುರಿಯುತ್ತೇವೆ, ಅದಕ್ಕೊಪ್ಪುವ ವಿಮಾನದ ಬಗ್ಗೆ ಯೋಚಿಸುವುದಿಲ್ಲ. ಇದು ನನ್ನನ್ನು ಕಾಡುವ ಸಂಗತಿ. ಚಿಕ್ಕ ಊರುಗಳ ವಿಮಾನಯಾನಕ್ಕೆ ನೆರವು ಕೊಡುವ ಕೇಂದ್ರದ ಉಡಾನ್ ಯೋಜನೆಯ ಮೊದಲ ಮೂರು ಸುತ್ತಿನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷದ ನೆರವು ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಉಳಿದಿದ್ದವು 54 ಎಂದು ಮಹಾಲೇಖಪಾಲರ ವರದಿ ಹೇಳಿತು. ಚಿಕ್ಕ ವಿಮಾನಗಳ ಕೊರತೆಯೂ ಅದು ಎತ್ತಿ ತೋರಿದ ಕಾರಣಗಳಲ್ಲೊಂದು. ಬೀದರ್‌ನವರು ಇದನ್ನು ಅನುಭವಿಸಿದ್ದಾರೆ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಎಟಿಆರ್ ತಂದಿತು, ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಆಮೇಲೆ ಸ್ಟಾರ್ ಏರ್ ಬಂತು, ಅದೂ ನಿಂತಿತು. ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಬೀದರ್‌ನಿಂದ ಬೆಂಗಳೂರಿಗೆ ಮತ್ತೆ ವಿಮಾನ ಸಿಕ್ಕಿತು. ನಡುವಿನ ತಿಂಗಳುಗಳಲ್ಲಿ ವಿಮಾನ ಬೇಕಾದವರು ರಸ್ತೆ ಹಿಡಿದು ಹೈದರಾಬಾದಿಗೆ ಹೋಗುತ್ತಿದ್ದರು.